ಹಳೇ ಐ3 ಡೆಸ್ಕ್‌ಟಾಪ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಡಿಟಿಪಿ ಅಂಗಡಿ, ಸೈಬರ್ ಸೆಂಟರ್, ಶಾಲೆಯ ಲ್ಯಾಬ್, ಮನೆಯ ಮೂಲೆ, ಎಲ್ಲಿ ನೋಡಿದರೂ ಒಂದು ಜಾತಿಯ ಕಂಪ್ಯೂಟರ್ ಇನ್ನೂ ಓಡುತ್ತಲೇ ಇದೆ. 2011ರಿಂದ 2014ರ ಆಸುಪಾಸಿನಲ್ಲಿ ಅಸೆಂಬಲ್ ಮಾಡಿಸಿದ್ದು. ಎಚ್61 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನು ಬೆಸೆಯುವ ಇಂಟೆಲ್ ಚಿಪ್ಪು) ಮದರ್‌ಬೋರ್ಡು, ಐ3-2120 ಅಥವಾ ಐ3-3220 ಪ್ರೊಸೆಸರ್, ಒಂದೇ ಒಂದು 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 7 ಇದ್ದಾಗ ಸರಾಗವಾಗಿ ನಡೆಯುತ್ತಿತ್ತು, ವಿಂಡೋಸ್ 10 ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿದರೂ ಯೋಚನೆ ಮಾಡಿ ತೆರೆಯುತ್ತದೆ. ಇದನ್ನು ಗುಜರಿಗೆ ಹಾಕಬೇಕಿಲ್ಲ. ಆದರೆ ರಿಪೇರಿಯವರ ಬಳಿ ಹೋಗಿ 'ಏನಾದರೂ ಮಾಡಿ ಸ್ಪೀಡ್ ಮಾಡಿ' ಅಂದರೆ ರ‍್ಯಾಮ್ ಒಂದು ಹಾಕಿ, ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ತಿಂಗಳೊಳಗೆ ಮೊದಲಿನ ಹಾಗೇ. ರೋಗ ಎಲ್ಲಿದೆಯೋ ಅಲ್ಲಿಗೆ ಮದ್ದು ಹಾಕಿರುವುದಿಲ್ಲ, ಅಷ್ಟೆ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ, ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ ನೋಡಿ: ಕ್ರೋಮಿನಲ್ಲಿ ಐದಾರು ಟ್ಯಾಬ್, ಟ್ಯಾಲಿ, ಒಂದು ವರ್ಡ್ ಫೈಲು. ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದು, ಅದರ ಕೆಳಗೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಇದ್ದರೆ ಹಾರ್ಡ್ ಡಿಸ್ಕೇ ಅಡ್ಡಿ. ಮೆಮೊರಿ 90 ಪರ್ಸೆಂಟ್ ದಾಟಿ ಕೂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಡಿಸ್ಕ್ ಸುಮ್ಮನಿದ್ದು ಸಿಪಿಯು ಮಾತ್ರ ಪೂರ್ತಿ ಏರಿದ್ದರೆ ಪ್ರೊಸೆಸರಿನ ಮಾತು ಬರುತ್ತದೆ. ಒಂದು ಎಚ್ಚರಿಕೆ: ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿನ ಪೇಜ್ ಫೈಲಿಗೆ ತಳ್ಳುತ್ತದೆ. ಆಗ ಡಿಸ್ಕೂ 100 ತೋರಿಸುತ್ತದೆ. ಹಾಗಾಗಿ ಎರಡು ಅಂಕಿಗಳನ್ನೂ ಒಟ್ಟಿಗೆ ನೋಡಬೇಕು. 4 ಜಿಬಿ ಮತ್ತು ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಸಾಮಾನ್ಯವಾಗಿ ಎರಡೂ ಕೆಂಪಾಗಿಯೇ ಇರುತ್ತವೆ.

ಡಿಸ್ಕೇ ಯಾಕೆ ಮೊದಲು

7200 ಆರ್‌ಪಿಎಂ ಹಾರ್ಡ್ ಡಿಸ್ಕಿನ ತಟ್ಟೆ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 4 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಹೆಡ್ ಆ ಟ್ರ್ಯಾಕಿಗೆ ಸರಿಯಲು ಇನ್ನೊಂದು 8-9 ಮಿಲಿಸೆಕೆಂಡ್. ಕೂಡಿಸಿದರೆ 13ರ ಹತ್ತಿರ. ಅಲ್ಲೊಂದು ಇಲ್ಲೊಂದು ಚದುರಿರುವ ಸಣ್ಣ ಫೈಲುಗಳನ್ನು ಓದುವಾಗ ಸೆಕೆಂಡಿಗೆ 75-80 ಓದು, ಅಷ್ಟೇ ಅದರ ಮಿತಿ. ಒಂದೊಂದು ಓದಿಗೆ 4 ಕೆಬಿ ಅಂದುಕೊಂಡರೆ ಸೆಕೆಂಡಿಗೆ ಅರ್ಧ ಎಂಬಿಯೂ ಆಗುವುದಿಲ್ಲ. ಸಿನಿಮಾ ಕಾಪಿ ಮಾಡುವಾಗ 100 ಎಂಬಿ ಓಡಿಸುವ ಅದೇ ಡಿಸ್ಕು ವಿಂಡೋಸ್ ಶುರುವಾಗುವಾಗ ಒದ್ದಾಡುವುದು ಇದೇ ಕಾರಣಕ್ಕೆ. ವಿಂಡೋಸ್ 10 ಹಿನ್ನೆಲೆಯಲ್ಲಿ ಅಪ್‌ಡೇಟ್, ಸರ್ಚ್ ಇಂಡೆಕ್ಸ್, ಡಿಫೆಂಡರ್ ಸ್ಕ್ಯಾನ್ ಎಲ್ಲವನ್ನೂ ಒಟ್ಟೊಟ್ಟಿಗೆ ನಡೆಸುತ್ತದೆ. ಎಲ್ಲವೂ ಆ ಎಂಬತ್ತರಲ್ಲೇ ಹಂಚಿಕೊಳ್ಳಬೇಕು.

ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿ ಡೇಟಾವನ್ನು ಚಿಪ್ಪುಗಳಲ್ಲೇ ಇಡುತ್ತದೆ, ಅದರಲ್ಲಿ ತಿರುಗುವುದು, ಸರಿಯುವುದು ಎರಡೂ ಇಲ್ಲ. ಅತಿ ಅಗ್ಗದ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ) ಎಸ್‌ಎಸ್‌ಡಿಯೂ ಸೆಕೆಂಡಿಗೆ ಸಾವಿರಾರು ಸಣ್ಣ ಓದುಗಳನ್ನು ಮುಗಿಸುತ್ತದೆ. 'ಎಚ್61 ಬೋರ್ಡಿನಲ್ಲಿ ಸಾಟಾ 3 ಇಲ್ಲ, ಎಸ್‌ಎಸ್‌ಡಿ ಹಾಕಿ ಪ್ರಯೋಜನ ಇಲ್ಲ' ಎಂದು ಹೇಳುವವರಿದ್ದಾರೆ. ಮೊದಲರ್ಧ ನಿಜ. ಎಚ್61 ಚಿಪ್‌ಸೆಟ್ಟಿನಲ್ಲಿ ಇರುವುದು ನಾಲ್ಕು ಸಾಟಾ 2 ಪೋರ್ಟು, ಸೆಕೆಂಡಿಗೆ 3 ಗಿಗಾಬಿಟ್. ಅದರಿಂದ 550 ಎಂಬಿ ಓಡಬಲ್ಲ ಎಸ್‌ಎಸ್‌ಡಿ 270-280ಕ್ಕೆ ನಿಲ್ಲುತ್ತದೆ. ಆದರೆ ನಮಗೆ ಬೇಕಾದದ್ದು ಸಣ್ಣ ಓದುಗಳ ಲೆಕ್ಕ. ಅಲ್ಲಿ ಸಾಟಾ 2 ಅಡ್ಡ ಬರುವುದೇ ಇಲ್ಲ ಅನ್ನಬಹುದು.

ಕೊಳ್ಳುವಾಗ ಕೇಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಉದ್ದ ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಬೇಡ, ಅದಕ್ಕೆ ಈ ಬೋರ್ಡಿನಲ್ಲಿ ಸ್ಲಾಟೇ ಇಲ್ಲ. ಎನ್‌ವಿಎಂಇಯನ್ನು (ಎಂ.2 ರೂಪದಲ್ಲಿ ಬರುವ ವೇಗದ ಎಸ್‌ಎಸ್‌ಡಿ) ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರಿನಲ್ಲಿ ಕೂರಿಸಿದರೂ ಈ ಬೋರ್ಡುಗಳ ಕಾಲದ ಬಯಾಸ್ (ಆನ್ ಆದ ಕೂಡಲೇ ಓಡುವ ಬೋರ್ಡಿನ ತಂತ್ರಾಂಶ) ಅದರಿಂದ ಬೂಟ್ ಮಾಡುವುದಿಲ್ಲ. ಆಫೀಸ್, ಬ್ರೌಸರ್, ಟ್ಯಾಲಿಗೆ 240 ಜಿಬಿ ಸಾಕು (ವಿಂಡೋಸ್ ಅದನ್ನು 223 ಎಂದು ತೋರಿಸುತ್ತದೆ, ಮೋಸ ಅಲ್ಲ). ಫೋಟೋ, ಕೋರಲ್‌ಡ್ರಾ ಕೆಲಸ ಇದ್ದರೆ 480. ಕ್ರೂಷಿಯಲ್ ಬಿಎಕ್ಸ್500, ಡಬ್ಲ್ಯುಡಿ ಗ್ರೀನ್ ತರಹದ್ದು ಈ ಯಂತ್ರಕ್ಕೆ ಧಾರಾಳ. ಸ್ಯಾಮ್‌ಸಂಗ್ 870 ಇವೊ ಒಳ್ಳೆಯ ಸರಕೇ, ಆದರೆ ಸಾಟಾ 2ರಲ್ಲಿ ಅದರ ಮೇಲಿನ ಹೆಚ್ಚುವರಿ ದುಡ್ಡಿಗೆ ಸಿಗುವುದು ಕಡಿಮೆ. ಹೆಸರೇ ಕೇಳಿರದ ಕಂಪನಿಯ '2 ಟಿಬಿ' ಎಸ್‌ಎಸ್‌ಡಿ ಅನುಮಾನ ಬರುವಷ್ಟು ಕಡಿಮೆ ಬೆಲೆಗೆ ಆನ್‌ಲೈನಿನಲ್ಲಿ ಕಂಡರೆ ಮುಟ್ಟಬೇಡಿ. ಒಳಗೆ ಸಣ್ಣ ಮೆಮೊರಿ ಕಾರ್ಡು ಇಟ್ಟು, ಸೈಜು ಮಾತ್ರ ಸುಳ್ಳು ಹೇಳುವ ಮಾಲು ಬರುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಪೂರ್ತಿ ಜಾಗ ತುಂಬಿಸಿ, ಮತ್ತೆ ಓದಿ, ನಿಜವನ್ನು ಹೊರಗೆ ಹಾಕುತ್ತದೆ.

ಹಾಕುವ ಮುಂಚೆ ಹಳೇ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದರೆ ಕೆಟ್ಟ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಂಡುಗಳ) ಲೆಕ್ಕ ಹೇಳುವ 05, ಸಿ5, ಸಿ6 ಎಂಬ ಮೂರು ಸಾಲು ಕಾಣುತ್ತವೆ. ಅದರಲ್ಲಿ ಕಚ್ಚಾ ಅಂಕಿ ಸೊನ್ನೆ ಇದ್ದರೆ ನೆಮ್ಮದಿ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರುಗಳಿವೆ. ಆ ಡಿಸ್ಕಿನಲ್ಲಿ ಬೇರೆ ಯಾವ ಪ್ರಯೋಗವನ್ನೂ ಮಾಡದೆ ಮೊದಲು ಡೇಟಾ ಹೊರಗೆ ತೆಗೆಯಿರಿ. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕಿನದ್ದಲ್ಲ, ಸಾಟಾ ಕೇಬಲ್ಲಿನದ್ದು. ಬದಲಾಯಿಸಿ. ಬ್ಯಾಕಪ್ ಅಂದ ಕೂಡಲೇ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್ ನೆನಪಾಗುತ್ತವೆ. ಬಿಟ್ಟುಹೋಗುವುದು ಟ್ಯಾಲಿಯ ಡೇಟಾ ಫೋಲ್ಡರು, ನುಡಿ ಮತ್ತು ಇತರ ಕನ್ನಡ ಫಾಂಟುಗಳು, ಬ್ರೌಸರಿನ ಬುಕ್‌ಮಾರ್ಕು, ಸೇವ್ ಆಗಿರುವ ಪಾಸ್‌ವರ್ಡು.

ಕ್ಲೋನ್ (ಹಳೇ ಡಿಸ್ಕನ್ನು ಇದ್ದ ಹಾಗೇ ನಕಲು) ಮಾಡುವುದೋ, ಹೊಸದಾಗಿ ವಿಂಡೋಸ್ ಹಾಕುವುದೋ? 500 ಜಿಬಿಯಿಂದ 240ಕ್ಕೆ ಕ್ಲೋನ್ ಮಾಡಬೇಕಾದರೆ ಪಾರ್ಟಿಷನ್ನುಗಳನ್ನು ಮೊದಲು ಕುಗ್ಗಿಸಬೇಕು. ಪೇಜ್ ಫೈಲು, ಹೈಬರ್ನೇಷನ್ ಫೈಲು ನಡುವೆ ಕೂತು ಕುಗ್ಗಲು ಬಿಡುವುದಿಲ್ಲ. ಕ್ಲೋನ್‌ಜಿಲ್ಲಾ ಎಂಬ ನಕಲು ತಂತ್ರಾಂಶ ಸಣ್ಣ ಡಿಸ್ಕನ್ನು ಸುಮ್ಮನೆ ಒಪ್ಪುವುದಿಲ್ಲ. ಇಷ್ಟು ಹೆಣಗಿ ಕೊನೆಗೆ ಎಂಟು ಹತ್ತು ವರ್ಷದ ಕಸವನ್ನೇ ಹೊಸ ಡ್ರೈವಿಗೆ ಸಾಗಿಸಿದ ಹಾಗೆ. ಮತ್ತೆ ಸಿಗದ ತಂತ್ರಾಂಶವೇನಾದರೂ ಅದರಲ್ಲಿದ್ದರೆ ಮಾತ್ರ ಕ್ಲೋನ್, ಇಲ್ಲವಾದರೆ ಹೊಸ ಇನ್‌ಸ್ಟಾಲೇ ಸರಿ. ಸಕ್ರಿಯವಾಗಿದ್ದ ಅಸಲಿ ವಿಂಡೋಸ್ 10ರ ಡಿಜಿಟಲ್ ಲೈಸೆನ್ಸು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ 'ನನ್ನ ಬಳಿ ಇಲ್ಲ' ಎಂಬುದನ್ನು ಆರಿಸಿ, ಮುಂಚೆ ಇದ್ದ ಎಡಿಷನ್ನನ್ನೇ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಹಾಕಿ. ಇಂಟರ್ನೆಟ್ ಸಿಕ್ಕ ಮೇಲೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.

ಕೂರಿಸುವ ಕೆಲಸ ಸುಲಭ. ಗೋಡೆಯ ಸ್ವಿಚ್ ಆಫ್, ಕೇಬಲ್ ಹೊರಗೆ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಹೋಗಲಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿ. ಹಳೇ ಕ್ಯಾಬಿನೆಟ್ಟಿನಲ್ಲಿ 2.5 ಇಂಚಿಗೆ ಜಾಗ ಇರುವುದಿಲ್ಲ. 3.5ಕ್ಕೆ ಹೊಂದಿಸುವ ಬ್ರ್ಯಾಕೆಟ್ ಸಿಗುತ್ತದೆ, ಸಿಗದಿದ್ದರೆ ಒಂದು ಬದಿಗೆ ಎರಡು ಸ್ಕ್ರೂ ಬಿಗಿದರೂ ನಡೆಯುತ್ತದೆ, ಒಳಗೆ ತಿರುಗುವ ಭಾಗ ಇಲ್ಲವಲ್ಲ. ಎಸ್‌ಎಂಪಿಎಸ್‌ನಲ್ಲಿ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಸಾಟಾ ಪವರ್ ಪಿನ್ ಸಾಲದೆ ಮೋಲೆಕ್ಸ್ ಕನ್ವರ್ಟರ್ ಕೊಳ್ಳಬೇಕಾದರೆ ಗಮನಿಸಿ: ಪ್ಲಾಸ್ಟಿಕ್ ಎರಕ ಹೊಯ್ದು ತಂತಿಗಳನ್ನು ಮುಚ್ಚಿದ ಅಗ್ಗದ ಕನೆಕ್ಟರ್‌ಗಳು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಬಹಳ. ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕಾಣುವ, ಕ್ರಿಂಪ್ ಮಾಡಿದ್ದನ್ನು ಕೊಳ್ಳಿ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಹಳೇ ಡಿಸ್ಕನ್ನು ಜೋಡಿಸಿಯೇ ಇಟ್ಟು ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವುದು. ಸೆಟಪ್ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನಲ್ಲೇ ಇಟ್ಟುಬಿಡಬಹುದು. ಆರು ತಿಂಗಳ ನಂತರ ಆ ಡಿಸ್ಕು ಸತ್ತಾಗ ಎಸ್‌ಎಸ್‌ಡಿ ಚೆನ್ನಾಗಿದ್ದರೂ ಕಂಪ್ಯೂಟರ್ ಏಳುವುದಿಲ್ಲ. ಹಾಗಾಗಿ ಹಳೇ ಡಿಸ್ಕಿನ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದನ್ನೇ ಬಿಟ್ಟು ಇನ್‌ಸ್ಟಾಲ್ ಮಾಡಿ, ಎಲ್ಲಾ ಮುಗಿದ ಮೇಲೆ ಅದನ್ನು ಜೋಡಿಸಿ. ಎರಡು, ಬಯಾಸಿನಲ್ಲಿ ಸಾಟಾ ಮೋಡ್ ಐಡಿಇ (ಹಳೇ ರೀತಿ) ಎಂದು ಉಳಿದಿರುವುದು. ಆ ಕಾಲದ ಎಷ್ಟೋ ಬೋರ್ಡುಗಳು ಹಾಗೇ ಬರುತ್ತಿದ್ದವು. ಇನ್‌ಸ್ಟಾಲ್‌ಗೆ ಮುಂಚೆಯೇ ಎಎಚ್‌ಸಿಐ ಎಂಬ ಹೊಸ ರೀತಿಗೆ ಬದಲಾಯಿಸಿ. ಈಗಾಗಲೇ ವಿಂಡೋಸ್ ಹಾಕಿ ಆಮೇಲೆ ಬದಲಾಯಿಸಿದರೆ ನೀಲಿ ಪರದೆ ಬಂದು ರಿಸ್ಟಾರ್ಟ್ ಆಗುತ್ತಲೇ ಇರುತ್ತದೆ. ಆಗ ಐಡಿಇಗೆ ಹಿಂತಿರುಗಿ, ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರಿಸ್ಟಾರ್ಟ್ ಮಾಡುತ್ತಾ ಬಯಾಸಿನಲ್ಲಿ ಎಎಚ್‌ಸಿಐ ಮಾಡಿ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದರೆ ವಿಂಡೋಸ್ ಸರಿಯಾದ ಡ್ರೈವರ್ ತಾನೇ ಹಾಕಿಕೊಳ್ಳುತ್ತದೆ. ಟಿಕ್ ತೆಗೆದು ಮತ್ತೆ ರಿಸ್ಟಾರ್ಟ್.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಗಿಗಾಬೈಟ್ ಬೋರ್ಡಿನಲ್ಲಿ ಎಫ್12, ಏಸಸ್‌ನಲ್ಲಿ ಎಫ್8, ಎಂಎಸ್‌ಐನಲ್ಲಿ ಎಫ್11, ಇಂಟೆಲ್‌ನದೇ ಡಿಎಚ್61 ಬೋರ್ಡುಗಳಲ್ಲಿ ಎಫ್10.

ರ‍್ಯಾಮ್

ಎಚ್61ರಲ್ಲಿ ಎರಡೇ ಸ್ಲಾಟು, ಒಟ್ಟು 16 ಜಿಬಿ ಮಿತಿ. 4 ಜಿಬಿ ಇರುವುದಕ್ಕೆ ಇನ್ನೊಂದು 4 ಸೇರಿಸಿ 8 ಮಾಡಿದರೆ ಹೆಚ್ಚಿನವರಿಗೆ ಸಾಕು. ಎರಡು ಪಟ್ಟಿ ಇದ್ದಾಗ ಡ್ಯುಯಲ್ ಚಾನೆಲ್ (ಎರಡರಿಂದಲೂ ಒಟ್ಟಿಗೆ ಓದುವುದು) ನಡೆಯುತ್ತದೆ. ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ 8ರ ಒಂದೇ ಪಟ್ಟಿಗಿಂತ 4ರ ಎರಡು ಮೇಲು. ಐ3-2120 ಇರುವಲ್ಲಿ 1600 ವೇಗದ ರ‍್ಯಾಮ್ ಹಾಕಿದರೂ 1333ಕ್ಕೆ ಇಳಿದು ಓಡುತ್ತದೆ, ತೊಂದರೆ ಏನಿಲ್ಲ. ಡಿಡಿಆರ್4 ಸ್ಲಾಟಿಗೇ ಇಳಿಯುವುದಿಲ್ಲ. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯೂ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ತರುವಾಗ ಅಂಗಡಿಯವರನ್ನು ನೇರವಾಗಿ ಕೇಳಿ: 'ಇದು ಇಂಟೆಲ್ ಬೋರ್ಡಿಗೆ ಓಡುತ್ತಾ, ಎಎಂಡಿಗೆ ಮಾತ್ರವಾ?' ಎಎಂಡಿಗೆ ಮಾತ್ರ ಹೊಂದುವ ಅಗ್ಗದ ಡಿಡಿಆರ್3 ಮಾರುಕಟ್ಟೆಯಲ್ಲಿ ಸಾಕಷ್ಟಿದೆ. ಇಂಟೆಲ್ ಬೋರ್ಡಿಗೆ ಹಾಕಿದರೆ ಪರದೆಯೇ ಬರುವುದಿಲ್ಲ.

ಹಾಕಿದ ಮೇಲೆ ಬೀಪ್ ಬೀಪ್ ಎಂದು ನಿಲ್ಲದೆ ಹೊಡೆದುಕೊಂಡರೆ ಗಾಬರಿ ಬೇಡ. ಪಟ್ಟಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡೂ ಕಡೆಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ. ಹತ್ತರಲ್ಲಿ ಎಂಟು ಸಲ ಇಷ್ಟೇ ಇರುತ್ತದೆ.

8 ಜಿಬಿ ಹಾಕಿದ ಮೇಲೂ ಸಿಸ್ಟಂ ಮಾಹಿತಿಯಲ್ಲಿ '3.4 ಜಿಬಿ ಬಳಸಬಹುದು' ಎಂದು ಬಂದರೆ ಒಳಗಿರುವುದು 32 ಬಿಟ್ ವಿಂಡೋಸ್. ಹಳೇ ಕಚೇರಿ ಯಂತ್ರಗಳಲ್ಲಿ ಇದು ಸರ್ವೇಸಾಮಾನ್ಯ. 64ಕ್ಕೆ ಅಪ್‌ಗ್ರೇಡ್ ದಾರಿ ಇಲ್ಲ, ಅಳಿಸಿ ಹಾಕಬೇಕು. ಎಸ್‌ಎಸ್‌ಡಿ ಹಾಕುವಾಗಲೇ ಇದನ್ನೂ ಮುಗಿಸಿಬಿಡುವುದು ಜಾಣತನ. ಅದಕ್ಕೂ ಮುಂಚೆ ನಿಮ್ಮ ಪ್ರಿಂಟರಿಗೆ 64 ಬಿಟ್ ಡ್ರೈವರ್ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿಕೊಳ್ಳಿ. ಹಳೇ ಲೇಸರ್ ಪ್ರಿಂಟರುಗಳ ವಿಷಯದಲ್ಲಿ ಇಲ್ಲೇ ಸಿಕ್ಕಿಬೀಳುವುದು.

ಶಾಖ

ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನವಾಗುವ ಯಂತ್ರ ಬಿಸಿಯಾಗುತ್ತಿದೆ ಎಂದರ್ಥ. ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶದಲ್ಲಿ ಪ್ರೊಸೆಸರಿನ ಉಷ್ಣ ನೋಡಿ. ಸುಮ್ಮನಿದ್ದಾಗ 40-50 ಡಿಗ್ರಿ, ಕೆಲಸದಲ್ಲಿ 70ರ ಒಳಗೆ ಇದ್ದರೆ ಸರಿ. 90 ಮುಟ್ಟುತ್ತಿದ್ದರೆ ಹೀಟ್‌ಸಿಂಕಿನ ಕೆಳಗಿನ, ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು.

ಇಂಟೆಲ್ ಕೂಲರಿನ ನಾಲ್ಕು ಕಾಲುಗಳ ತಲೆಯ ಮೇಲೆ ಬಾಣದ ಗುರುತಿದೆ. ಬಾಣದ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ಮೇಲೆ ಎಳೆದರೆ ಬಿಡುತ್ತದೆ. ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ದರೆ ಕಂಪ್ಯೂಟರನ್ನು ಐದು ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ ಆಫ್ ಮಾಡಿ ಬಿಡಿಸಿ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಬಟಾಣಿ ಕಾಳಿಗಿಂತ ಸಣ್ಣ ಹನಿ ನಡುವೆ ಇಡಿ. ಬೆರಳಿನಿಂದ ಹರಡಬೇಕಿಲ್ಲ. ವಾಪಸ್ ಕೂರಿಸುವಾಗ ಕಾಲುಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಎದುರುಬದುರು ಕಾಲುಗಳನ್ನು ಜೋಡಿಯಾಗಿ ಒತ್ತಿ. ನಾಲ್ಕೂ ಬೋರ್ಡಿನ ಹಿಂಬದಿಗೆ ಹೊರಬಂದಿವೆಯೇ ನೋಡಿ. ಒಂದು ಕಾಲು ಕೂರದಿದ್ದರೂ ಉಷ್ಣ ಒಂದೇ ನಿಮಿಷದಲ್ಲಿ 90ಕ್ಕೆ ಜಿಗಿಯುತ್ತದೆ.

ಬೋರ್ಡು ತೆರೆದಿರುವಾಗಲೇ ಸಿಆರ್2032 ಬ್ಯಾಟರಿಯನ್ನೂ ಬದಲಾಯಿಸಿ. ದಿನಾಂಕ ಹಿಂದಕ್ಕೆ ಓಡಿ 'ಈ ತಾಣ ಸುರಕ್ಷಿತವಲ್ಲ' ಎಂದು ಬ್ರೌಸರ್ ಗೊಣಗುವುದಕ್ಕೆ ಅದೇ ಮೂಲ. ಬ್ಯಾಟರಿ ತೆಗೆದಾಗ ಬಯಾಸ್ ಸೆಟ್ಟಿಂಗೂ ಅಳಿಸುತ್ತದೆ, ಸಾಟಾ ಮೋಡ್ ಮತ್ತೆ ಐಡಿಇಗೆ ಹೋಗಿರಬಹುದು, ನೋಡಿ. ಹಾಗೇ ಕಣ್ಣು ಹಾಯಿಸಿ: ಪ್ರೊಸೆಸರಿನ ಪಕ್ಕದ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಕಂದು ಅಂಟು ಸುರಿದಿದ್ದರೆ, ಆ ಬೋರ್ಡಿಗೆ ಇನ್ನು ದುಡ್ಡು ಸುರಿಯಬೇಡಿ. ಎಸ್‌ಎಸ್‌ಡಿಯನ್ನಾದರೆ ಮುಂದಿನ ಯಂತ್ರಕ್ಕೆ ಒಯ್ಯಬಹುದು.

ಪ್ರೊಸೆಸರ್ ಬದಲಾಯಿಸುವುದು ಕೊನೆಯ ಮಾತು. ಇದೇ 1155 ಸಾಕೆಟ್ಟಿಗೆ ಐ5-3470 ಅಥವಾ ಐ7-3770 ಕೂರುತ್ತದೆ. ಎರಡು ಕೋರಿನಿಂದ ನಾಲ್ಕಕ್ಕೆ. ಈಗ ಇವು ಸಿಗುವುದು ಸೆಕೆಂಡ್ ಹ್ಯಾಂಡ್ ಆಗಿ ಮಾತ್ರ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹುಡುಕಬೇಕು, ಟೆಸ್ಟಿಂಗ್ ವಾರಂಟಿ ಬರೆಸಿಕೊಳ್ಳಬೇಕು. 2011ರ ಬೋರ್ಡಾದರೆ ಎರಡನೇ ತಲೆಮಾರಿನ ಪ್ರೊಸೆಸರ್ (ಐ3-2120 ತರಹದ್ದು) ಒಳಗಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಮೂರನೇ ತಲೆಮಾರಿನದನ್ನು ಹಾಕಿ. ಕ್ರಮ ತಪ್ಪಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದಂತೆ, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಐ3-2120ರ 65 ವ್ಯಾಟ್ ಜಾಗಕ್ಕೆ 77 ವ್ಯಾಟ್ ಬರುತ್ತದೆ, ಅದಕ್ಕೆ ಎಸ್‌ಎಂಪಿಎಸ್ ಬದಲಿಸಬೇಕಿಲ್ಲ. ಹೆಸರಿನ ಕೊನೆಗೆ 'ಕೆ' ಇರುವ ಮಾಡೆಲ್ಲಿಗೆ ಹೆಚ್ಚು ಕೊಡಬೇಡಿ, ಓವರ್‌ಕ್ಲಾಕ್ (ನಿಗದಿಗಿಂತ ವೇಗವಾಗಿ ಓಡಿಸುವುದು) ಎಚ್61ರಲ್ಲಿ ಇಲ್ಲ. ಸಾಕೆಟ್ಟಿನ ಪಿನ್ನುಗಳು ಬೋರ್ಡಿನ ಮೇಲಿವೆ. ಪ್ರೊಸೆಸರನ್ನು ಜಾರಿಸದೆ ನೇರ ಇಳಿಸಿ, ಬಾಗಿದ ಒಂದು ಪಿನ್ ಸಾಕು ಒಂದು ರ‍್ಯಾಮ್ ಸ್ಲಾಟು ಕಣ್ಮರೆಯಾಗಲು.

ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ವರ್ಡ್, ಎಕ್ಸೆಲ್, ಟ್ಯಾಲಿ ಎಳ್ಳಷ್ಟೂ ಚುರುಕಾಗುವುದಿಲ್ಲ. ಯೂಟ್ಯೂಬ್ ತಡವರಿಸುತ್ತದೆ ಎಂಬ ದೂರಿಗೆ ಬೇರೆ ಮದ್ದಿದೆ. ಈ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸಿಗೆ ಯೂಟ್ಯೂಬ್ ಕಳಿಸುವ ವಿಪಿ9, ಎವಿ1 ಮಾದರಿಯ ವಿಡಿಯೊ ಬಿಡಿಸಲು ಬರುವುದಿಲ್ಲ, ಇಡೀ ಭಾರ ಸಿಪಿಯು ಮೇಲೆ ಬೀಳುತ್ತದೆ. ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿದರೆ ಹಗುರವಾದ ಎಚ್.264 ಬರುತ್ತದೆ. ಖರ್ಚು ಸೊನ್ನೆ.

ತಂತ್ರಾಂಶದ ಕಡೆ ಹೇಳುವುದು ಕಡಿಮೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬಿನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. 'ಪಿಸಿ ಕ್ಲೀನರ್', 'ಡ್ರೈವರ್ ಅಪ್‌ಡೇಟರ್' ಎಂದು ಬರುವ ಯಾವುದನ್ನೂ ಹಾಕಬೇಡಿ, ಅವೇ ಭಾರ. ಎಸ್‌ಎಸ್‌ಡಿಯನ್ನು ಹಳೇ ಅಭ್ಯಾಸದಂತೆ ಬೇರೆ ತಂತ್ರಾಂಶದಿಂದ ಡಿಫ್ರ್ಯಾಗ್ ಮಾಡಬೇಡಿ. ವಿಂಡೋಸ್ ತಾನೇ ಟ್ರಿಮ್ (ಅಳಿಸಿದ ಜಾಗವನ್ನು ತೆರವು) ಮಾಡಿಕೊಳ್ಳುತ್ತದೆ. ಐದರಲ್ಲಿ ಒಂದು ಪಾಲು ಜಾಗ ಖಾಲಿ ಬಿಟ್ಟಿರಿ.

ಯಾವ ವಿಂಡೋಸ್?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಮನೆ ಬಳಕೆದಾರರಿಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟಿನ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಮೈಕ್ರೋಸಾಫ್ಟ್ ಘೋಷಿಸಿದೆ, ಸೆಟ್ಟಿಂಗ್ಸಿನ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 (ಸುರಕ್ಷತೆಯ ಚಿಪ್ಪು). ಬೂಟ್ ಪೆನ್‌ಡ್ರೈವ್ ಮಾಡುವ ರೂಫಸ್ ತಂತ್ರಾಂಶದಿಂದ ಆ ತಪಾಸಣೆ ತಪ್ಪಿಸಿ ಹಾಕಬಹುದಾದರೂ ವರ್ಷದ ದೊಡ್ಡ ಅಪ್‌ಡೇಟುಗಳನ್ನು ಪ್ರತಿ ಸಲ ಕೈಯಾರೆ ಹಾಕುತ್ತಾ ಕೂರಬೇಕು. ಲೆಕ್ಕಪತ್ರ, ಬ್ಯಾಂಕಿಂಗ್ ಮಾಡುವ ಯಂತ್ರಕ್ಕೆ ಅದು ಒಳ್ಳೆಯ ದಾರಿಯಲ್ಲ.

ಬ್ರೌಸರ್, ಪತ್ರ, ಲೆಕ್ಕದ ಹಾಳೆ ಇಷ್ಟೇ ಕೆಲಸವಾದರೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ 8 ಜಿಬಿ ಮತ್ತು ಎಸ್‌ಎಸ್‌ಡಿಯಲ್ಲಿ ಹಾಯಾಗಿ ಓಡುತ್ತದೆ. 2029ರವರೆಗೆ ಅಪ್‌ಡೇಟ್ ಇದೆ. ಕನ್ನಡ ಟೈಪಿಂಗಿಗೆ ಬೇರೇನೂ ಡೌನ್‌ಲೋಡ್ ಬೇಡ: ಕೀಬೋರ್ಡ್ ಲೇಔಟುಗಳ ಪಟ್ಟಿಯಲ್ಲಿ ಕನ್ನಡ ಕಗಪ ಇದೆ, ಸೇರಿಸಿಕೊಂಡರೆ ಆಯಿತು. ಆದರೆ ಪೇಜ್‌ಮೇಕರ್, ಕೋರಲ್‌ಡ್ರಾ, ನುಡಿಯ ಹಳೇ ಆಸ್ಕಿ ಫಾಂಟುಗಳ ಮೇಲೆ ನಿಂತ ಡಿಟಿಪಿ ಅಂಗಡಿಯವರು ಇತ್ತ ಬರಬೇಡಿ, ನಿಮಗೆ ವಿಂಡೋಸೇ ಗತಿ. ಅಂಥಲ್ಲಿ ಎಂಟನೇ ತಲೆಮಾರಿನ ರಿಫರ್ಬಿಶ್ಡ್ ಐ5ರ ಬೆಲೆ ವಿಚಾರಿಸಿ. ಹಳೆಯದಕ್ಕೆ ಹಾಕುವ ಒಟ್ಟು ಖರ್ಚು ಅದರ ಅರ್ಧ ದಾಟಿದರೆ ಹಳೆಯದನ್ನು ಬಿಡಿ.

ಐ3ಗಿಂತಲೂ ಹಿಂದಿನ ಕೋರ್ 2 ಡುಯೊ ಇದ್ದರೆ? ಜಿ31 ಬೋರ್ಡು ಡಿಡಿಆರ್2ರಲ್ಲಿ 4 ಜಿಬಿಗೇ ನಿಲ್ಲುತ್ತದೆ. ಡಿಡಿಆರ್3 ಇರುವ ಜಿ41ಕ್ಕೆ 16 ಚಿಪ್ಪಿನ 4 ಜಿಬಿ ಪಟ್ಟಿಗಳೇ ಬೇಕು, 8 ಚಿಪ್ಪಿನವು ಹಿಡಿಸುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಈ ಪ್ರೊಸೆಸರುಗಳಲ್ಲಿ ಯಾವ ಉಪಾಯಕ್ಕೂ ಬೂಟ್ ಆಗುವುದಿಲ್ಲ, ಅದಕ್ಕೆ ಬೇಕಾದ ಆದೇಶಗಳೇ ಅವುಗಳಲ್ಲಿಲ್ಲ. ಮನೆಯಲ್ಲಿ ಬಿದ್ದಿರುವ ಎಸ್‌ಎಸ್‌ಡಿ ಇದ್ದರೆ ಹಾಕಿ ಮಿಂಟ್ ಓಡಿಸಿ, ಮಕ್ಕಳು ಟೈಪಿಂಗ್ ಕಲಿಯಲಿ. ಹೊಸದಾಗಿ ಏನನ್ನೂ ಕೊಳ್ಳಬೇಡಿ.